ಉಂಗುರಕ್ಕೊಬ್ಬ ಸೋದರಮಾವ

ನಿಶ್ಚಿತಾರ್ಥಕ್ಕೆ ದಿನ ಗೊತ್ತಾದ ಮನೆಯಿಂದ ಛತ್ರದವರಿಗೂ ಅಡುಗೆಯವರಿಗೂ ಹೋಗುವ ಮೊದಲೇ ಒಂದು ಫೋನ್ ಹೋಗುತ್ತದೆ. ಅದು ಉಂಗುರದ ಮಾವನಿಗೆ. ಹುಡುಗಿಯ ತಾಯಿಯ ಅಣ್ಣನೋ ತಮ್ಮನೋ ಆಗಿದ್ದರೆ ಸರಿಹೋಯಿತು. ಇಲ್ಲದಿದ್ದರೆ ದೊಡ್ಡಪ್ಪ, ಭಾವ, ಪಕ್ಕದ ಮನೆಯ ನಿವೃತ್ತ ಮೇಷ್ಟ್ರು, ಯಾರು ಬೇಕಾದರೂ ಈ ಹುದ್ದೆಗೆ ಏರಬಹುದು. ಅರ್ಹತೆ ಒಂದೇ: "ಚಿನ್ನದ ವಿಷಯ ಅವರಿಗೆ ಗೊತ್ತು" ಎಂದು ಮನೆಯಲ್ಲಿ ಯಾರೋ ಯಾವಾಗಲೋ ಅಂದಿರಬೇಕು. ಮದುವೆ ಕಾಲದಲ್ಲಿ ಶಿವಮೊಗ್ಗದ ಗಾಂಧಿ ಬಜಾರಿನ ಯಾವ ಚಿನ್ನದಂಗಡಿಯಲ್ಲಾದರೂ ಅವರನ್ನು ಗುರುತಿಸಬಹುದು. ಹುಡುಗ ಒಂದು ಕಡೆ, ಹುಡುಗಿ ಇನ್ನೊಂದು ಕಡೆ, ನಡುವಿನ ಕುರ್ಚಿಯಲ್ಲಿ ಮಾವ. ಭದ್ರಾವತಿಯಿಂದ ಬೆಳಗಿನ ಬಸ್ಸಿಗೇ ಬಂದಿರುತ್ತಾರೆ. ಅಂಗಿಯ ಜೇಬಿನಲ್ಲಿ ಎರಡು ಪೆನ್ನು, ಪತ್ರಿಕೆಯಿಂದ ಹರಿದುಕೊಂಡ ಆ ದಿನದ ಚಿನ್ನದ ದರದ ತುಂಡು. ಭದ್ರಾವತಿ, ಎರಡು ಪೆನ್ನು ಎಂದೆಲ್ಲ ಹೇಳಿದ್ದು ಬರೀ ಉದಾಹರಣೆಗೆ. ಯಾರನ್ನೂ ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿಲ್ಲ. ಮಾತು ಮಾತಿಗೂ "ನೀವು ಸುಮ್ಮನಿರಿ, ನಾನು ಮಾತಾಡ್ತೀನಿ" ಎನ್ನುವ ಅಭ್ಯಾಸವೂ ಉದಾಹರಣೆಯೇ. ನನ್ನ ವಾದ ಇಷ್ಟೇ: ಮಾವನಿಗೆ ಗೊತ್ತಿರುವುದೆಲ್ಲ ನಿಜ, ಆದರೆ ಅದೆಲ್ಲ ಚಿನ್ನದ ಬಗ್ಗೆ, ಉಂಗುರದ ಬಗ್ಗೆ ಅಲ್ಲ.

ಅಂಗಡಿಯೊಳಗೆ ಬಂದ ಮಾವ ಮೊದಲು ನೋಡುವುದು ಉಂಗುರವನ್ನಲ್ಲ, ತಕ್ಕಡಿಯನ್ನು. ಅದರ ಮೇಲೆ ಸೊನ್ನೆ ಸರಿಯಾಗಿ ನಿಂತಿದೆಯೇ ಎಂದು ಕನ್ನಡಕ ಏರಿಸಿ ನೋಡಿ, ಫ್ಯಾನ್ ಆರಿಸಲು ಹೇಳುತ್ತಾರೆ. ಅಷ್ಟರಲ್ಲಿ ಹುಡುಗಿ ಬಳ್ಳಿಯ ಹೆಣಿಗೆಯ ಒಂದು ತೆಳು ಉಂಗುರ ಎತ್ತಿ ಬೆರಳಿಗೆ ಹಾಕಿಕೊಂಡು, ಕೈ ಚಾಚಿ, ತಲೆ ಓರೆ ಮಾಡಿ ನೋಡುತ್ತಿರುತ್ತಾಳೆ. ಹುಡುಗನೂ ನೋಡುತ್ತಿರುತ್ತಾನೆ, ಉಂಗುರವನ್ನೇ ಎಂದು ಹೇಳಲಾರೆ. ಆ ಗಳಿಗೆಗೆ ಸರಿಯಾಗಿ ಮಾವ ಅದನ್ನು ಅವಳ ಬೆರಳಿನಿಂದ ಬಿಡಿಸಿಕೊಂಡು, ಅಂಗೈಯಲ್ಲಿ ಎರಡು ಸಲ ಎಗರಿಸಿ, "ಎಷ್ಟು ಗ್ರಾಂ?" ಎನ್ನುತ್ತಾರೆ. "ಎರಡೂ ಮುಕ್ಕಾಲು ಸರ್." ಮಾವ ಅಂಗಡಿಯವನಿಗೆ ಉತ್ತರ ಕೊಡುವುದಿಲ್ಲ, ಸೊಸೆಯ ಕಡೆ ತಿರುಗುತ್ತಾರೆ. "ಪುಟ್ಟಿ, ಇದನ್ನ ಹಾಕ್ಕೊಂಡು ಪಾತ್ರೆ ತೊಳೆದ್ರೆ ಪಾತ್ರೆ ಉಳಿಯತ್ತೆ, ಉಂಗುರ ಹೋಗತ್ತೆ." ಆಮೇಲೆ ಗಟ್ಟಿತನದ ಪರೀಕ್ಷೆಗೆಂದು ಅದನ್ನು ತಮ್ಮ ಕಿರುಬೆರಳಿಗೆ ತೂರಿಸುತ್ತಾರೆ. ಹೆಣ್ಣುಮಕ್ಕಳ ಅಳತೆಯ ಉಂಗುರ ಮಾವನ ಗೆಣ್ಣು ದಾಟಿದರೆ ಹಿಂದೆ ಬರುವುದಿಲ್ಲ. ಅಂಗಡಿಯ ಹುಡುಗ ಸೋಪಿನ ನೀರು ತರುತ್ತಾನೆ. ಅದು ಅವನಿಗೆ ಹೊಸದೇನಲ್ಲ. ಬೆರಳು ಸೋಪಿನಲ್ಲಿರುವಾಗಲೇ ಮಾವ ವೇಸ್ಟೇಜಿನ ಮಾತು ತೆಗೆಯುತ್ತಾರೆ. "ಹನ್ನೆರಡಾ? ನಮ್ಮ ಭದ್ರಾವತೀಲಿ ಒಂಬತ್ತಕ್ಕೆ ಕೊಡ್ತಾರೆ ಯಜಮಾನ್ರೇ." ಇದೇ ಮಾವ ಭದ್ರಾವತಿಯ ಅಂಗಡಿಯಲ್ಲಿ ಕೂತಾಗ ಶಿವಮೊಗ್ಗದಲ್ಲಿ ಎಂಟಕ್ಕೆ ಸಿಗುತ್ತದೆ. ಒಂದು ಗಂಟೆಯ ಮೇಲೆ ಕಾಫಿ ಬರುತ್ತದೆ, ಹನ್ನೆರಡು ಹತ್ತಕ್ಕೆ ಇಳಿಯುತ್ತದೆ, ಮಾವ ಹಿಂದಕ್ಕೆ ಒರಗಿ ಎಲ್ಲರ ಮುಖವನ್ನೂ ಒಂದು ಸುತ್ತು ನೋಡುತ್ತಾರೆ.

ಆ ಗೆಲುವಿನ ಬೆಲೆಯನ್ನು ಕಾಗದದ ಮೇಲೆ ಹಾಕಿ ನೋಡೋಣ. ಲೆಕ್ಕ ಸುಲಭವಾಗಲೆಂದು 22 ಕ್ಯಾರೆಟ್ ಚಿನ್ನಕ್ಕೆ ಗ್ರಾಂಗೆ 10,000 ರೂಪಾಯಿ ಎಂದಿಟ್ಟುಕೊಳ್ಳಿ. ನಾಲ್ಕು ಗ್ರಾಂ ಉಂಗುರಕ್ಕೆ ಚಿನ್ನದ ಬೆಲೆ 40,000. ಶೇ 12 ವೇಸ್ಟೇಜ್ ಎಂದರೆ 4,800. ಎರಡೂ ಸೇರಿದ ಮೇಲೆ ಶೇ 3 ಜಿಎಸ್‌ಟಿ. ಒಟ್ಟು 46,144. ವೇಸ್ಟೇಜನ್ನು ಹತ್ತಕ್ಕೆ ಇಳಿಸಿದರೆ ಉಳಿಯುವುದು ತೆರಿಗೆ ಸೇರಿ 824 ರೂಪಾಯಿ. ಈಗ ಇದೇ ಮಾವ ಇದೇ ಕುರ್ಚಿಯಲ್ಲಿ ಕೂತು ಹೇಳಿದ ಇನ್ನೊಂದು ಮಾತನ್ನು ನೆನಪಿಸಿಕೊಳ್ಳಿ: "ಇನ್ನೊಂದು ಗ್ರಾಂ ಹೆಚ್ಚಿಗೇ ಇರಲಿ, ಕೈಯಲ್ಲಿ ಕಾಣಬೇಕು." ಆ ಒಂದು ಗ್ರಾಂ, ಮೊದಲಿನ ವೇಸ್ಟೇಜು ಮತ್ತು ತೆರಿಗೆ ಸೇರಿ, 11,536 ರೂಪಾಯಿ. ಒಂದು ಗಂಟೆ ಹೋರಾಡಿ ಉಳಿಸಿದ್ದರ ಹದಿನಾಲ್ಕು ಪಟ್ಟನ್ನು ಒಂದು ವಾಕ್ಯದಲ್ಲಿ ಖರ್ಚು ಮಾಡಿಸಿದ್ದಾರೆ, ಅದೂ ಯಾರಿಗೂ ನೋವಾಗದಂತೆ. ಬಜೆಟ್ ಮೀರುವುದು ವೇಸ್ಟೇಜಿನಿಂದಲ್ಲ, ತೂಕದಿಂದ. 2025ರ ಏಪ್ರಿಲ್‌ನಲ್ಲಿ ಹತ್ತು ಗ್ರಾಂ ಅಪರಂಜಿಯ ಬೆಲೆ ಲಕ್ಷ ಮುಟ್ಟಿದ ಮೇಲಂತೂ "ಇನ್ನೊಂದು ಗ್ರಾಂ" ಎನ್ನುವುದು ಊಟಕ್ಕೆ ಕೂತವರಿಗೆ ಇನ್ನೊಂದು ಸೌಟು ಸಾರು ಬಡಿಸುವಂಥ ಮಾತಾಗಿ ಉಳಿದಿಲ್ಲ.

ಮಾವನ ಪರವಾಗಿ ಹೇಳಬೇಕಾದ ಮಾತೊಂದಿದೆ, ಅದನ್ನು ಅವರೇ ಹೇಳುತ್ತಾರೆ: "ಅದು ಖರ್ಚಲ್ಲ ಕಣಪ್ಪ, ಆಸ್ತಿ." ಚಿನ್ನ ಆಸ್ತಿಯೇ, ಒಪ್ಪಿದೆ. ಆದರೆ ಆಸ್ತಿ ಬೇಕಿದ್ದರೆ ನಾಣ್ಯ ಕೊಳ್ಳಬಹುದು. ಅದಕ್ಕೆ ಕುಸುರಿ ಕೂಲಿ ಅಷ್ಟು ಬೀಳುವುದಿಲ್ಲ. ಉಂಗುರಕ್ಕೆ ಕೊಟ್ಟ ವೇಸ್ಟೇಜೂ ತೆರಿಗೆಯೂ ಮಾರುವ ದಿನ ವಾಪಸ್ಸು ಬರುವುದಿಲ್ಲ, ಹರಳಿನ ತೂಕವನ್ನು ಕಳೆದೇ ಲೆಕ್ಕ ಹಾಕುತ್ತಾರೆ. ಅದಕ್ಕಿಂತ ದೊಡ್ಡ ತೊಡಕು ಬೇರೆ ಇದೆ. ಮದುವೆಯಲ್ಲಿ ಕೊಳ್ಳುವ ಒಡವೆಗಳಲ್ಲಿ ಸರ, ಬಳೆ, ಓಲೆ ಎಲ್ಲವೂ ಕಷ್ಟಕಾಲಕ್ಕೆ ಬ್ಯಾಂಕಿನ ಮೆಟ್ಟಿಲು ಹತ್ತಬಹುದು. ನಿಶ್ಚಿತಾರ್ಥದ ಉಂಗುರ ಹತ್ತಬೇಕಾದರೆ ಮನೆಯಲ್ಲಿ ಉಳಿದದ್ದೆಲ್ಲ ಮುಗಿದಿರಬೇಕು. ಮಾರಲೇಬಾರದೆಂದು ಕೊಳ್ಳುವ ಒಂದೇ ಒಂದು ವಸ್ತುವನ್ನು ಮಾರಿದರೆ ಎಷ್ಟು ಬರುತ್ತದೆ ಎಂದು ನೋಡಿ ಆರಿಸುವುದರಲ್ಲಿ ಯಾವ ಜಾಣತನವಿದೆಯೋ ನನಗೆ ತಿಳಿಯದು. ಮಾವನಿಗೆ ತಿಳಿದಿದೆ. ಕೇಳಿದರೆ ಇನ್ನೊಂದು ಗಂಟೆ ಹೇಳುತ್ತಾರೆ.

ಕ್ಯಾರೆಟ್ಟಿನ ವಿಷಯದಲ್ಲಿ ಮಾವನ ನಿಲುವು ಇನ್ನೂ ಬಿಗಿ. 22 ಕ್ಯಾರೆಟ್ ಬಿಟ್ಟರೆ ಉಳಿದದ್ದು ಚಿನ್ನವೇ ಅಲ್ಲ. 18 ಎಂದ ಕೂಡಲೇ ಅವರು ಅಂಗಡಿಯವನ ಮುಖ ನೋಡುವ ರೀತಿಯೇ ಬೇರೆ. ಸತ್ಯ ಇಷ್ಟೇ: 22 ಕ್ಯಾರೆಟ್‌ನಲ್ಲಿ ಸಾವಿರಕ್ಕೆ 916 ಪಾಲು ಚಿನ್ನ, 18ರಲ್ಲಿ 750 ಪಾಲು, ಉಳಿದದ್ದು ತಾಮ್ರ, ಬೆಳ್ಳಿಯಂಥ ಲೋಹ. ಚಿನ್ನ ಮೆದು. ಹರಳನ್ನು ಹಿಡಿದಿಡುವ ಸಣ್ಣ ಕೊಕ್ಕೆಗಳು ದಿನಾ ಬಟ್ಟೆಗೆ, ಬಾಗಿಲಿಗೆ, ಗಾಡಿಯ ಹ್ಯಾಂಡಲ್ಲಿಗೆ ತಾಗಿಯೂ ಸಡಿಲವಾಗದಿರಲು 18ರ ಗಟ್ಟಿತನವೇ ಬೇಕು. ವಜ್ರದ ಉಂಗುರ ಸಾಮಾನ್ಯವಾಗಿ 18ರಲ್ಲಿ ಬರುವುದು ಅದಕ್ಕೇ. ಮೇಲಿನ ದರದಲ್ಲೇ ನಾಲ್ಕು ಗ್ರಾಂಗೆ ಏಳು ಸಾವಿರ ರೂಪಾಯಿಗೂ ಹೆಚ್ಚು ಉಳಿಯುತ್ತದೆ. ಇದನ್ನೆಲ್ಲ ಬೇರೆ ಊರಿನವರಿಗೆ ಬಿಡಿಸಿ ಹೇಳಬೇಕು, ಭದ್ರಾವತಿಯವರಿಗೆ ಹೇಳಬೇಕೇ? ಕಬ್ಬಿಣಕ್ಕೆ ಕ್ರೋಮಿಯಂ, ನಿಕ್ಕಲ್ ಬೆರೆಸಿ ವಿಶೇಷ ಉಕ್ಕು ತೆಗೆದ ಊರು ಅದು. ಬೆರಕೆಯಿಂದ ಲೋಹ ಗಟ್ಟಿಯಾಗುತ್ತದೆ ಎಂಬ ತಿಳಿವಿನ ಮೇಲೆ ಜೀವಮಾನವಿಡೀ ಸಂಬಳ ಎಣಿಸಿ, ಈಗ ಪಿಂಚಣಿ ಎಣಿಸುತ್ತಿರುವವರು ಚಿನ್ನಕ್ಕೆ ತಾಮ್ರ ಸೇರಿದರೆ ಮೋಸ ಎನ್ನುತ್ತಾರೆ. ಆದರೂ ಈ ಸಂಶಯಕ್ಕೆ ಬೇರು ಇಲ್ಲದಿಲ್ಲ. 1963ರ ಜನವರಿಯಲ್ಲಿ, ಮೊರಾರ್ಜಿ ದೇಸಾಯಿ ಹಣಕಾಸು ಸಚಿವರಾಗಿದ್ದಾಗ, ಹೊಸ ಒಡವೆ 14 ಕ್ಯಾರೆಟ್ ಮೀರಕೂಡದೆಂದು ಸರ್ಕಾರ ಕಟ್ಟಪ್ಪಣೆ ಮಾಡಿತು. ಅಕ್ಕಸಾಲಿಗರ ಮನೆಗಳ ಕುಲುಮೆ ಆರಿತು, ಜನ 14 ಕ್ಯಾರೆಟ್ಟನ್ನು ಮುಟ್ಟಲಿಲ್ಲ. ಕೆಲವೇ ವರ್ಷದಲ್ಲಿ ಆ ಮಿತಿ ಹೋಯಿತು. 1968ರಲ್ಲಿ ಬಂದ ಚಿನ್ನ ನಿಯಂತ್ರಣ ಕಾಯ್ದೆ 1990ರವರೆಗೂ ಇತ್ತು. ಕಡಿಮೆ ಕ್ಯಾರೆಟ್ ಎಂದರೆ ಯಾರೋ ಮೇಲಿನಿಂದ ಹೇರಿದ್ದು ಎಂಬ ಅಪ್ಪ ಅಮ್ಮಂದಿರ ಗೊಣಗಾಟ ಕೇಳುತ್ತ ಬೆಳೆದ ತಲೆಮಾರಿಗೆ ಸೇರಿದವರು ಮಾವ. ಅವರ ಹಟ ಅಷ್ಟರಮಟ್ಟಿಗೆ ಕ್ಷಮ್ಯ.

ಕ್ಷಮಿಸಲು ಕಷ್ಟವಾಗುವುದು ತೂಕ ಸರಿದೂಗಿಸುವ ಚಟ. ಹುಡುಗಿಯ ಉಂಗುರ ಹುಡುಗನ ಮನೆಯವರದು, ಹುಡುಗನ ಉಂಗುರ ಹುಡುಗಿಯ ಮನೆಯವರದು ಎಂಬುದು ನಮ್ಮಲ್ಲಿ ಸಾಮಾನ್ಯ ಏರ್ಪಾಡು. ಆ ಕಡೆಗೂ ಒಬ್ಬ ಮಾವ ಇರುತ್ತಾರೆ. "ಅವರು ಆರು ಗ್ರಾಂ ಹಾಕ್ತಾರಂತೆ, ನಾವು ನಾಲ್ಕು ಹಾಕಿದ್ರೆ ಏನಂತಾರೆ?" ಎಂದು ಇವರು ಐದು ಮಾಡಿಸುತ್ತಾರೆ, ಸುದ್ದಿ ಮುಟ್ಟಿ ಅವರು ಏಳು ಮಾಡಿಸುತ್ತಾರೆ. ಹುಡುಗ ಹುಡುಗಿ ಬೆಳಗಾನ ಫೋನಿನಲ್ಲಿ ಮಾತಾಡಿ ಒಪ್ಪಿಕೊಂಡ ಮೊತ್ತ ಎರಡು ಮಾವಂದಿರ ನಡುವೆ ಸಿಕ್ಕಿ ಹಿಗ್ಗುತ್ತ ಹೋಗುತ್ತದೆ. ಸಂಪ್ರದಾಯ ಎಂದು ಇದನ್ನು ಸಮರ್ಥಿಸಲೂ ಆಗದು. ಹಿರಿಯರ ಕಾಲದ ನಿಶ್ಚಯದಲ್ಲಿ ಉಂಗುರದ ಮಾತು ಅಷ್ಟಾಗಿ ಇರಲಿಲ್ಲ. ತಾಂಬೂಲ ಬದಲಾಯಿಸಿ, ಹುಡುಗಿಗೆ ಸೀರೆ ಕೊಟ್ಟು ಹೂ ಮುಡಿಸಿದರೆ ಮಾತು ಗಟ್ಟಿಯಾಯಿತು ಎಂದೇ ಅರ್ಥ. ಇಷ್ಟು ಅಡಿಕೆ ಬೆಳೆಯುವ ನಾಡಿನಲ್ಲಿ ತಾಂಬೂಲದ ಅಡಿಕೆಯನ್ನು ಎರಡೂ ಕಡೆಯವರು ತೂಗಿ ನೋಡಿದ್ದು ಕೇಳಿಲ್ಲ.

ಹಾಗಾದರೆ ಮಾವನನ್ನು ಮನೆಯಲ್ಲೇ ಬಿಟ್ಟು ಇಬ್ಬರೇ ಹೋಗಿ ಆರಿಸಿಕೊಳ್ಳಲಿ ಎನ್ನುವವರಿದ್ದಾರೆ. ಅದಕ್ಕೂ ಪೂರ್ತಿ ಒಪ್ಪಲಾರೆ. ಭದ್ರಾವತಿಯ ಮಾವನಿಂದ ತಪ್ಪಿಸಿಕೊಂಡ ಜೋಡಿ ಮೊಬೈಲಿನೊಳಗಿನ ಮಾವನ ಕೈಗೆ ಸಿಗುತ್ತದೆ. ನಿಶ್ಚಿತಾರ್ಥ ಎಂದರೆ ವಜ್ರ, ವಜ್ರ ಎಂದರೆ ಎಂದೆಂದಿಗೂ ಎಂಬ ನಂಬಿಕೆಯನ್ನು ಇಷ್ಟು ಗಟ್ಟಿ ಮಾಡಿದ್ದು ಜಾಹೀರಾತು. ಡಿ ಬೀರ್ಸ್ ಕಂಪನಿಗಾಗಿ ಫ್ರಾನ್ಸಿಸ್ ಗೆರೆಟಿ ಎಂಬ ಜಾಹೀರಾತು ಬರಹಗಾರ್ತಿ 1947ರಲ್ಲಿ ಆ ಘೋಷಣೆ ಬರೆದರು. ಉಂಗುರಕ್ಕೆ ಎರಡು ತಿಂಗಳ ಸಂಬಳ ಹಾಕಬೇಕೆಂಬ ನಿಯಮವನ್ನು ಹರಡಿದ್ದೂ ಅದೇ ಕಂಪನಿಯ ಜಾಹೀರಾತುಗಳೇ. ಯಾವ ಶಾಸ್ತ್ರದಲ್ಲೂ ಅದು ಇಲ್ಲ. ಮಾವ ಒಂದು ಗ್ರಾಂ ಹೆಚ್ಚಿಗೆ ಎಂದರೆ, ಈ ಇನ್ನೊಬ್ಬರು ಎರಡು ತಿಂಗಳು ಎನ್ನುತ್ತಾರೆ. ಮಾವ ಕನಿಷ್ಠ ವೇಸ್ಟೇಜಿಗಾದರೂ ಜಗಳವಾಡುತ್ತಾರೆ. ಅವರಿಗೆ ಕಮಿಷನ್ ಇಲ್ಲ, ಬಸ್ ಚಾರ್ಜೂ ಅವರದೇ.

ಮಾವನ ಬಗ್ಗೆ ಇನ್ನೂ ಒಂದು ಮಾತು ಆಡಬೇಕು. ಹಾಲ್‌ಮಾರ್ಕ್ ಪದ್ಧತಿ 2000ರಲ್ಲೇ ಬಂದರೂ ಅದು ಕಡ್ಡಾಯವಾಗಲು ಶುರುವಾದದ್ದು 2021ರ ಜೂನ್ 23ರಿಂದ, ಅದೂ ಮೊದಲಿಗೆ 256 ಜಿಲ್ಲೆಗಳಲ್ಲಿ. ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಇಲ್ಲದೆ ಹಾಲ್‌ಮಾರ್ಕಿನ ಒಡವೆ ಮಾರಕೂಡದೆಂದು ಆದದ್ದು 2023ರ ಏಪ್ರಿಲ್ 1ರಿಂದ. ಅದಕ್ಕೆ ಮೊದಲು ಒಡವೆ ಕೊಳ್ಳುವ ಸಾಮಾನ್ಯ ಮನೆಯ ಕೈಯಲ್ಲಿ ಏನಿತ್ತು? ಅಂಗಡಿಯವನ ಮಾತು, ಅವನ ಒರೆಗಲ್ಲು, ಮತ್ತು ಈ ಮಾವ. ಯಾವ ಅಂಗಡಿಯ ಚಿನ್ನ ಕರಗಿಸಿದಾಗ ಎಷ್ಟು ಇಳಿಯಿತು ಎಂಬುದು ಅವರಿಗೆ ಬಾಯಿಪಾಠವಿತ್ತು. ಆ ಕಾಲದ ಹಾಲ್‌ಮಾರ್ಕ್ ಅವರೇ. ಭದ್ರಾವತಿ ಬೆಂಕಿಪುರವಾಗಿದ್ದ ದಿನಗಳಲ್ಲಿ, 1918ರಲ್ಲಿ, ಹುಟ್ಟಿದ ಕಬ್ಬಿಣದ ಕಾರ್ಖಾನೆ, 1936ರ ಕಾಗದದ ಕಾರ್ಖಾನೆ, ಇವೆರಡರ ತಿಂಗಳ ಸಂಬಳದಲ್ಲಿ ಉಳಿಸಿ, ಚೀಟಿ ಕಟ್ಟಿ, ಮೂರು ಗ್ರಾಂ ನಾಲ್ಕು ಗ್ರಾಂ ಸೇರಿಸುತ್ತ ಹೆಣ್ಣುಮಕ್ಕಳ ಮದುವೆ ಮಾಡಿದ ಊರದು. ಆಮೇಲೆ ಕಾಗದದ ಯಂತ್ರಗಳು ನಿಂತವು. 2023ರ ಆರಂಭದಲ್ಲಿ ಉಕ್ಕಿನ ಕಾರ್ಖಾನೆಯನ್ನೂ ಮುಚ್ಚುವ ಮಾತು ಬಂದು ಕಾರ್ಮಿಕರು ಧರಣಿ ಕೂತರು. ನಿಲ್ಲುವುದಿಲ್ಲ ಎಂದುಕೊಂಡ ಸಂಬಳ ನಿಂತದ್ದನ್ನು ಕಂಡ ಮನುಷ್ಯ ಸೊಸೆಯ ಬೆರಳಿನಲ್ಲಿ ಒಂದು ಗ್ರಾಂ ಹೆಚ್ಚಿಗೆ ಇರಲಿ ಎಂದರೆ, ಅದು ಬರೀ ಜಂಬವಲ್ಲ. ಈಗ ಶುದ್ಧತೆಯನ್ನು ಮೊಬೈಲಿನ ಬಿಐಎಸ್ ಕೇರ್ ಆಪ್ ಹೇಳುತ್ತದೆ. ಕೆಲಸ ಹೋದ ಮೇಲೂ ಹಾಜರಿ ತಪ್ಪಿಸದ ಮಾವ, ಪರೀಕ್ಷಿಸಲು ಬೇರೇನೂ ಸಿಗದೆ, ಹುಡುಗಿಯ ರುಚಿಯನ್ನೂ ಹುಡುಗನ ಸಂಬಳವನ್ನೂ ಒರೆಗೆ ಹಚ್ಚುತ್ತಿದ್ದಾರೆ. ಶೇಕಡಾವಾರು ಲೆಕ್ಕದಲ್ಲಿ ಇಷ್ಟು ದೂರ ಬಂದ ಈ ಲೇಖಕನ ಜೇಬಿನಲ್ಲೂ ಎರಡು ಪೆನ್ನು ಇರಬಹುದೆಂದು ಓದುಗರು ಶಂಕಿಸಿದರೆ ತಪ್ಪಿಲ್ಲ.

ಇನ್ನು ಉಂಗುರ ಎಂದರೇನು ಎಂದು ನಮ್ಮ ಕಥೆಗಳನ್ನೇ ಕೇಳೋಣ. ಅಶೋಕವನದಲ್ಲಿ ಸೀತೆಗೆ ಹನುಮಂತನ ಕೈಯ ಉಂಗುರ ಗುರುತು ಸಿಕ್ಕಿದ್ದು ಅದರ ಮೇಲಿದ್ದ ಹೆಸರಿನಿಂದ, ತೂಕದಿಂದಲ್ಲ. ಕಾಳಿದಾಸನ ಶಕುಂತಲೆಯ ಉಂಗುರ ಶಚೀತೀರ್ಥದಲ್ಲಿ ಬೆರಳಿನಿಂದ ಜಾರಿ ಮೀನಿನ ಹೊಟ್ಟೆ ಸೇರಿತು. ರಾಜನ ಉಂಗುರ, ಗ್ರಾಂಗಳಿಗೆ ಬರವಿರಲಿಲ್ಲ, ಅಳತೆ ನೋಡಿದವರಿಲ್ಲ. ಆದ್ದರಿಂದ ಅಂಗಡಿಗೆ ಹೋಗುವ ಮೊದಲು ಜೋಡಿಯೇ ಕೂತು ಎರಡು ವಿಷಯ ತೀರ್ಮಾನಿಸಿಕೊಳ್ಳಲಿ: ತೆರಿಗೆ ಸೇರಿ ಎಷ್ಟು ರೂಪಾಯಿ, ದಿನಾ ಹಾಕಿಕೊಳ್ಳುವುದೋ ಪೆಟ್ಟಿಗೆಯಲ್ಲಿಡುವುದೋ. ದಿನಾ ಹಾಕುವವರಿಗೆ ಹರಳು ತಗ್ಗಿನಲ್ಲಿ ಕೂತ, ಅಂಚು ನುಣುಪಾದ ಉಂಗುರ ಒಳ್ಳೆಯದು. ಬೆರಳಿನ ಅಳತೆಯನ್ನು ಸಂಜೆ ಕೊಡಬೇಕು, ಬೆಳಗಿನ ಚಳಿಗೆ ಬೆರಳು ಸಣ್ಣಗಿರುತ್ತದೆ. ಸುತ್ತಲೂ ಹರಳಿರುವ ಉಂಗುರವನ್ನು ಆಮೇಲೆ ಹಿಗ್ಗಿಸುವುದು ಕಷ್ಟ. ಎರಡು ಗ್ರಾಂಗಿಂತ ಕಡಿಮೆಯ ಒಡವೆಗೆ ಹಾಲ್‌ಮಾರ್ಕ್ ಕಡ್ಡಾಯವಿಲ್ಲವಾದ್ದರಿಂದ ಅಲ್ಲಿ ಬಿಲ್ಲಿನಲ್ಲಿ ಕ್ಯಾರೆಟ್ ಬರೆಸಿಕೊಳ್ಳಬೇಕು. ಇಷ್ಟು ಆದ ಮೇಲೆ ಮಾವನಿಗೆ ಫೋನ್ ಮಾಡಿ, ಕರೆದುಕೊಂಡೇ ಹೋಗಿ. ಡಿಸೈನ್ ಒಪ್ಪಿಗೆಯಾಗಿ ಬಿಲ್ ಬರೆಯುವ ನಡುವೆ ಹತ್ತು ನಿಮಿಷ ಇರುತ್ತದಲ್ಲ, ಹರಳಿನ ತೂಕ ಕಳೆದರೋ ಇಲ್ಲವೋ, ವಾಪಸ್ಸು ಕೊಟ್ಟರೆ ಎಷ್ಟು ಹಿಡಿಯುತ್ತಾರೆ ಎಂದು ಕೇಳುವ ಹೊತ್ತು, ಅಲ್ಲಿ ಅವರಿಗೆ ಸಾಟಿಯಾದವರು ಎರಡೂ ಊರಿನಲ್ಲಿಲ್ಲ. ಆ 824 ರೂಪಾಯಿಯನ್ನೂ ಅವರೇ ಉಳಿಸಲಿ, ಮೂವರ ಊಟಕ್ಕಾಗುತ್ತದೆ.