ಕೋಆಕ್ಸಿಯಲ್ ಗೃಹಸ್ಥ

ಕೋಆಕ್ಸಿಯಲ್ ಗೃಹಸ್ಥನೆಂದರೆ ಹಾಡು ಕೇಳಲು ಸ್ಪೀಕರ್ ಕೊಳ್ಳುವುದನ್ನು ಬಿಟ್ಟು ತಾನೇ ಕಟ್ಟುವುದೆಂದು ತೀರ್ಮಾನಿಸಿ, ಆ ತೀರ್ಮಾನದಲ್ಲೇ ಸಂಸಾರ ಹೂಡಿದವನು. ಬೆಂಗಳೂರಿನಲ್ಲಿ ಈತ ಸಾಮಾನ್ಯವಾಗಿ ಸಾಫ್ಟ್‌ವೇರ್ ಕಂಪನಿಯಲ್ಲಿರುತ್ತಾನೆ, ಇಲ್ಲವೇ ಸರ್ಕಾರಿ ಕಾರ್ಖಾನೆಯೊಂದರಿಂದ ನಿವೃತ್ತನಾಗಿರುತ್ತಾನೆ. ವಯಸ್ಸು ನಲವತ್ತೈದು ದಾಟಿದೆ. 15,000 ಹರ್ಟ್ಸ್‌ನಿಂದಾಚೆಗಿನ ಸದ್ದನ್ನು ಕಿವಿ ಒಂದೊಂದಾಗಿ ಕೈಬಿಡುತ್ತಿರುವ, 20,000 ಹರ್ಟ್ಸ್‌ವರೆಗೆ ಚಾಚುವ ಟ್ವೀಟರ್ ಕೊಳ್ಳುವಷ್ಟು ದುಡ್ಡು ಕೈಗೆ ಸೇರಿರುವ ವಯಸ್ಸು ಅದು.

ಈತನ ಪೀಡೆಯ ಬುಡದಲ್ಲಿ ನಿಜವಾದ ಭೌತಶಾಸ್ತ್ರವಿದೆ. ವಾಸಿಯಾಗದಿರುವುದಕ್ಕೆ ಕಾರಣವೂ ಅದೇ. ಸಾಧಾರಣ ಟೂ-ವೇ ಸ್ಪೀಕರಿನಲ್ಲಿ ಕೆಳಗೆ ದಪ್ಪ ಸ್ವರಕ್ಕೊಂದು ಆರೂವರೆ ಇಂಚಿನ ವೂಫರ್, ಮೇಲೆ ಸಣ್ಣ ಸ್ವರಕ್ಕೊಂದು ಇಂಚಿನ ಟ್ವೀಟರ್ ಇರುತ್ತವೆ. ಎರಡರ ಕೇಂದ್ರಗಳ ನಡುವೆ ಸುಮಾರು 14 ಸೆಂ.ಮೀ. ಅಂತರ. ಕ್ರಾಸ್‌ಓವರ್ ಸರ್ಕ್ಯೂಟು ಕೆಲಸವನ್ನು ವೂಫರಿನಿಂದ ಟ್ವೀಟರಿಗೆ ದಾಟಿಸುವುದು ಹೆಚ್ಚಾಗಿ 2,500 ಹರ್ಟ್ಸ್‌ನ ಆಸುಪಾಸಿನಲ್ಲಿ. ಅಲ್ಲಿ ಶಬ್ದದ ಅಲೆಯುದ್ದವೂ ಹೆಚ್ಚುಕಡಿಮೆ 14 ಸೆಂ.ಮೀ. ಆ ಗಡಿಯಲ್ಲಿ ಎರಡೂ ಒಟ್ಟಿಗೆ ಹಾಡುತ್ತವೆ. ಕೇಳುವವನ ಕಿವಿ ಸ್ವಲ್ಪ ಮೇಲೆ ಕೆಳಗಾದರೆ ಒಂದು ಹತ್ತಿರ, ಇನ್ನೊಂದು ದೂರವಾಗಿ ಅಲೆಗಳು ಒಂದನ್ನೊಂದು ನುಂಗುತ್ತವೆ. ಕೂತಾಗ ತುಂಬಿದ್ದ ಸ್ವರ ನಿಂತಾಗ ಸೊರಗುತ್ತದೆ. ಟ್ವೀಟರನ್ನು ವೂಫರಿನ ನಟ್ಟನಡುವೆ ಕೂರಿಸಿದ್ದೇ ಕೋಆಕ್ಸಿಯಲ್. ಅದರಲ್ಲಿ ವೀಣೆಯ ಮೀಟಿನ ಚುರುಕು ಟ್ವೀಟರಿನಿಂದ, ಕೊಡದ ನಾದ ವೂಫರಿನಿಂದ ಬಂದರೂ ಎರಡೂ ಹೊರಡುವುದು ಒಂದೇ ಜಾಗದಿಂದ.

ಇದನ್ನು ಓದಿದ ದಿನದಿಂದ ಆತ ಯಾರ ಮನೆಗೆ ಹೋದರೂ ಅವರ ಸ್ಪೀಕರಿನ ಮುಂದೆ ಬಸ್ಕಿ ಹೊಡೆಯುತ್ತಾನೆ. ಏಳುವಾಗ ಸ್ವರ ಬದಲಾಯಿತೇ, ಕೂರುವಾಗ ಮರಳಿ ಬಂತೇ ಎಂಬ ಪರೀಕ್ಷೆ ಅದು. ಮನೆಯವರು ಎಲೆ ಹಾಕಿಯಾಯಿತೆಂದು ಕರೆಯುತ್ತಾರೆ. ಈತ ಇನ್ನೂ ಏಳುತ್ತ ಕೂರುತ್ತ ಇರುತ್ತಾನೆ.

ಈ ವರ್ಗಕ್ಕೆ ಒಂದು ಪುರಾಣವೂ ಇದೆ. 1940ರ ದಶಕದಲ್ಲಿ ಅಮೆರಿಕದ ಆಲ್ಟೆಕ್ ಲ್ಯಾನ್ಸಿಂಗ್ ಕಂಪನಿ ತಂದ 604 ಎಂಬ 15 ಇಂಚಿನ ಕೋಆಕ್ಸಿಯಲ್ ಡ್ರೈವರ್ (ಪೆಟ್ಟಿಗೆಯೊಳಗಿನ ಹಾಡುವ ಭಾಗ) ಅದರ ಮೊದಲ ಅಧ್ಯಾಯ. ರೆಕಾರ್ಡಿಂಗ್ ಸ್ಟುಡಿಯೋಗಳಲ್ಲಿ ಅದು ದಶಕಗಟ್ಟಲೆ ಮೆರೆಯಿತು. 1947ರಲ್ಲಿ ಲಂಡನ್ನಿನ ಟ್ಯಾನಾಯ್ ಕಂಪನಿಯ ಡ್ಯುಯಲ್ ಕಾನ್ಸೆಂಟ್ರಿಕ್ ಬಂತು. 1988ರಲ್ಲಿ ಬ್ರಿಟನ್ನಿನ ಕೆಇಎಫ್ ತನ್ನ ಯೂನಿ-ಕ್ಯೂ ಹೊರತಂದಿತು. ನಿಯೋಡಿಮಿಯಂ ಅಯಸ್ಕಾಂತ ಬಂದದ್ದರಿಂದ ಇಡೀ ಟ್ವೀಟರನ್ನು ವೂಫರಿನ ವಾಯ್ಸ್ ಕಾಯಿಲಿನೊಳಗೇ ಅಡಗಿಸುವುದು ಸಾಧ್ಯವಾಗಿತ್ತು. ಇಸವಿಗಳೆಲ್ಲ ಗೃಹಸ್ಥನಿಗೆ ಬಾಯಿಪಾಠ. ಇವುಗಳಲ್ಲಿ ಒಂದನ್ನೂ ಆತ ಕಿವಿಯಾರೆ ಕೇಳಿಲ್ಲ. ಭಕ್ತಿಗೆ ಅದು ಅಡ್ಡಿಯೂ ಅಲ್ಲ. ಯೂನಿ-ಕ್ಯೂ ಬೇಕೇಬೇಕೆಂದರೆ ಹಳೆಯ ಸ್ಪೀಕರ್ ಜೋಡಿಯೊಂದನ್ನು ಕೊಂಡು ಬಿಚ್ಚುವುದೇ ಹವ್ಯಾಸಿಗಳಿಗೆ ಉಳಿದ ದಾರಿ. ಚೆನ್ನಾಗಿ ಹಾಡುತ್ತಿರುವುದನ್ನು ಬಿಚ್ಚಿ ಇನ್ನೊಂದು ಪೆಟ್ಟಿಗೆಗೆ ಹಾಕುವ ಈ ಯೋಜನೆಯಲ್ಲಿ ಆತನಿಗೆ ವಿಚಿತ್ರವೇನೂ ಕಾಣುವುದಿಲ್ಲ.

ಆಯ್ಕೆಯ ಮೊದಲ ಹೆಜ್ಜೆ ಜೆ.ಸಿ. ರಸ್ತೆ. ಕೋಆಕ್ಸಿಯಲ್ ಎಂಬುದು ಅಲ್ಲಿ ಅಗ್ಗವಾಗಿ, ಧಾರಾಳವಾಗಿ ಸಿಗುತ್ತದೆ, ಕಾರಿಗೆ. "ಯಾವ ಗಾಡಿ ಸಾರ್?" ಎಂದು ಅಂಗಡಿಯವನು ಕೇಳುತ್ತಾನೆ. "ಗಾಡಿಗಲ್ಲ, ಮನೆ ಹಾಲ್‌ಗೆ" ಎಂದರೆ ಆತ ಒಮ್ಮೆ ಮೇಲಿಂದ ಕೆಳಗೆ ನೋಡಿ, "ಹಾಲ್‌ಗೆ ಹೋಮ್ ಥಿಯೇಟರ್ ತಗೊಳ್ಳಿ ಸಾರ್, ರಿಮೋಟ್ ಬರ್ತದೆ" ಎನ್ನುತ್ತಾನೆ. ಸಲಹೆ ಸರಿಯಾದದ್ದೇ. ಕಾರಿನ ಕೋಆಕ್ಸಿಯಲ್‌ನಲ್ಲಿ ಟ್ವೀಟರ್ ಕೋನಿನ ಎದುರಿಗೆ ಒಂದು ಕಂಬದ ಮೇಲೆ ನಿಂತಿರುತ್ತದೆ. ಕ್ರಾಸ್‌ಓವರ್ ಎಂಬ ಹೆಸರಿನಲ್ಲಿ ಹಲವು ಸಲ ಇರುವುದು ಒಂದೇ ಕೆಪಾಸಿಟರ್. ಪ್ರತಿರೋಧ ಸಾಮಾನ್ಯವಾಗಿ 4 ಓಮ್; ಮನೆಯ ಎಲ್ಲ ಆಂಪ್ಲಿಫೈಯರಿಗೂ ಅದು ಒಗ್ಗದು. ಬಾಗಿಲ ಸಂದಿಯಲ್ಲಿ, ಎಂಜಿನ್ನಿನ ಸದ್ದಿನ ನಡುವೆ, ಮೊಣಕಾಲಿನ ಎತ್ತರದಲ್ಲಿ ಹಾಡಲೆಂದೇ ಅದನ್ನು ಮಾಡಿರುತ್ತಾರೆ. ಗೃಹಸ್ಥ ಒಂದು ಜೋಡಿ ಕೊಂಡೇ ಬರುತ್ತಾನೆ, ಅಭ್ಯಾಸಕ್ಕೆಂದು.

ಎರಡನೆಯ ಹೆಜ್ಜೆಯಲ್ಲಿ ವೇದಿಕೆಯ ಸಾಮಾನು ಬರುತ್ತದೆ. ಗಾಯಕರ ಕಾಲ ಬಳಿ ಓರೆಯಾಗಿ ಇಡುವ ಮಾನಿಟರುಗಳಿಗಾಗಿ ಇಟಲಿಯ ಬಿ ಆಂಡ್ ಸಿ, ಜರ್ಮನಿಯ ಬಿಎಂಎಸ್, ಸ್ಪೇನಿನ ಬೇಮಾ ಮುಂತಾದವರು ಒಳ್ಳೊಳ್ಳೆಯ ಕೋಆಕ್ಸಿಯಲ್‌ಗಳನ್ನು ತಯಾರಿಸುತ್ತಾರೆ. ಒಂದು ವ್ಯಾಟ್ ಕೊಟ್ಟರೆ 95 ಡೆಸಿಬಲ್‌ಗೆ ಹತ್ತಿರ ಕೂಗಬಲ್ಲವು. ಮನೆಯ ಸ್ಪೀಕರುಗಳು 86-88ರಲ್ಲೇ ಇರುತ್ತವೆ. ಆದರೆ ಎಂಟಿಂಚಿನದು ಸಣ್ಣ ಪೆಟ್ಟಿಗೆಯಲ್ಲಿ ಮೃದಂಗದ ತೊಪ್ಪಿಯ ಆಳಕ್ಕೆ ಇಳಿಯದು. ಒಳಗೆ ಟ್ವೀಟರಿನ ಕೆಲಸ ಮಾಡುವ ಕಂಪ್ರೆಶನ್ ಡ್ರೈವರಂತೂ ವೂಫರಿಗಿಂತ ಬಹಳ ಜೋರು. ರೆಸಿಸ್ಟರ್ ಹಾಕಿ ಬಾಯಿ ಮುಚ್ಚಿಸಬೇಕು. ಮನೆಯ ಬಳಕೆಗೆಂದೇ ಮಾಡಿದ್ದು ಬೇಕೆಂದರೆ ನಾರ್ವೆಯ ಸಿಯಸ್ ಇದೆ. ಅದರ ಬೆಲೆ, ಸಾಗಣೆ, ಸುಂಕ ಮೂರನ್ನೂ ಕೂಡಿಸಿದ ಮೇಲೆ ಆತ ಕ್ಯಾಲ್ಕುಲೇಟರನ್ನು ಹೆಂಡತಿಗೆ ಕಾಣದ ಕಡೆ ತಿರುಗಿಸಿಡುತ್ತಾನೆ.

ಮೂರನೆಯದು ಅಂಕಿಅಂಶ. ಆಸ್ಟ್ರೇಲಿಯಾದ ನೆವಿಲ್ ಥೀಲ್ 1961ರಲ್ಲಿ, ಅವರ ಹಾದಿಯಲ್ಲೇ ರಿಚರ್ಡ್ ಸ್ಮಾಲ್ 1970ರ ದಶಕದ ಆರಂಭದಲ್ಲಿ, ಡ್ರೈವರಿನ ಕೆಲವೇ ಅಳತೆಗಳಿಂದ ಪೆಟ್ಟಿಗೆಯ ಗಾತ್ರವನ್ನು ಲೆಕ್ಕಹಾಕುವ ವಿಧಾನವನ್ನು ರೂಪಿಸಿದರು. ಜಗತ್ತಿನ ಕೆಲಸ ಹಗುರಾಯಿತು, ಗೃಹಸ್ಥನದು ಹೆಚ್ಚಿತು. ಈಗ ಆತ ಹಾಡಿನ ಬದಲು ಗ್ರಾಫ್ ಕೇಳುತ್ತಾನೆ. ಇಲ್ಲೇ ಆತ ಎಡವುವುದು. ಕೋಆಕ್ಸಿಯಲ್ ಎಲ್ಲ ಕಡೆಗೂ ಸಮವಾಗಿ ದುಂಡಗಿರುವುದರಿಂದ, ಕೋನಿನ ಅಂಚಿನಿಂದ ಸಿಡಿದ ಅಲೆಗಳೆಲ್ಲ ನೇರ ಎದುರಿಗಿರುವ ಮೈಕಿಗೆ ಒಂದೇ ಕ್ಷಣಕ್ಕೆ ಬಂದು ತಾಗಿ ಗ್ರಾಫಿನಲ್ಲಿ ತಗ್ಗು ದಿಣ್ಣೆಗಳನ್ನು ಮೂಡಿಸುತ್ತವೆ. ಸ್ಪೀಕರನ್ನು ಹತ್ತು ಹದಿನೈದು ಡಿಗ್ರಿ ಓರೆಯಾಗಿಸಿದರೆ ಗೆರೆ ಬಹುಮಟ್ಟಿಗೆ ನೇರವಾಗುತ್ತದೆ. ಕೋಆಕ್ಸಿಯಲ್ ಆರಿಸುವವನು ನೋಡಬೇಕಾದದ್ದು ಹಾಗೆ ಓರೆಯಿಂದ ಅಳೆದ ಗೆರೆಗಳನ್ನು. ಗೃಹಸ್ಥ ಮೊದಲ ಗ್ರಾಫ್ ನೋಡಿಯೇ ಡ್ರೈವರನ್ನು ತಿರಸ್ಕರಿಸುತ್ತಾನೆ, ಜಾತಕ ಕೂಡಲಿಲ್ಲವೆಂದು ಹುಡುಗಿಯ ಮುಖವನ್ನೇ ನೋಡದೆ ಹಿಂದಿರುಗುವ ವರನ ಅಪ್ಪನಂತೆ.

ನಾಲ್ಕನೆಯ ಸಂಕಟ ಎಲ್ಲಕ್ಕಿಂತ ಸ್ವಾರಸ್ಯವಾದದ್ದು. ಕೋಆಕ್ಸಿಯಲ್‌ನಲ್ಲಿ ವೂಫರಿನ ಕೋನೇ ಟ್ವೀಟರಿಗೆ ಕಹಳೆ. ದಪ್ಪ ಸ್ವರ ಬಂದಾಗ ಕೋನು ಹಿಂದೆ ಮುಂದೆ ಓಡುತ್ತದೆ. ಕಹಳೆಯೇ ಅಲ್ಲಾಡಿದರೆ ಅದರಿಂದ ಹೊರಡುವ ಸಣ್ಣ ಸ್ವರವೂ ನಡುಗುತ್ತದೆ. ಪರಿಹಾರ ಗೊತ್ತಿರುವಂಥದ್ದೇ: 200-300 ಹರ್ಟ್ಸ್‌ಗಿಂತ ಕೆಳಗಿನದನ್ನು ಬೇರೊಂದು ವೂಫರಿಗೆ ಕೊಡುವುದು. ಹಾಗೆಂದು ಪಕ್ಕಕ್ಕೊಂದು ವೂಫರ್ ಸೇರುತ್ತದೆ. ಒಂದೇ ಇದ್ದರೆ ಸಾಲದೆಂದು ಇನ್ನೊಂದು. ಅವಕ್ಕೆ ಬೇಕಾದ ದೊಡ್ಡ ಇಂಡಕ್ಟರುಗಳ ಬೆಲೆ ನೋಡಿ, ಕ್ರಾಸ್‌ಓವರನ್ನು ಡಿಜಿಟಲ್ ಮಾಡುವುದೇ ವಾಸಿ ಎನಿಸುತ್ತದೆ. ಅದಕ್ಕೆ ಆರು ಚಾನೆಲ್ಲಿನ ಆಂಪ್ಲಿಫೈಯರ್ ಬೇಕಾಗುತ್ತದೆ. ಎಲ್ಲವೂ ಒಂದೇ ಬಿಂದುವಿನಿಂದ ಬರಲಿ ಎಂದು ಹೊರಟವನ ಹಾಲಿನಲ್ಲಿ ಈಗ ನಾಲ್ಕು ವೂಫರ್, ಎರಡು ಕೋಆಕ್ಸಿಯಲ್, ಎಸ್.ಪಿ. ರಸ್ತೆಯಿಂದ ತಂದ ಒಂದು ಮೂಟೆ ವೈರು.

"ರೀ, ಇದೆಲ್ಲ ಹಬ್ಬದೊಳಗೆ ಮುಗಿಯುತ್ತಾ?"

"ಯಾವ ಹಬ್ಬ ಅಂತ ಹೇಳು, ನೋಡೋಣ."

ಪೆಟ್ಟಿಗೆಯ ವಿಷಯದಲ್ಲಿ ಹೇಳುವುದು ಹೆಚ್ಚಿಲ್ಲ. 18 ಮಿ.ಮೀ. ಪ್ಲೈವುಡ್ ಸಾಕು, ಒಳಗೆ ಅಡ್ಡಪಟ್ಟಿ ಕೊಡಬೇಕು, ಡ್ರೈವರಿನ ಅಂಚು ಹಲಗೆಯ ಮಟ್ಟಕ್ಕೆ ಕೂರುವಂತೆ ಕೊರೆಯಬೇಕು. ಮನೆಯ ವಾರ್ಡ್‌ರೋಬ್ ಮಾಡಿದ ಬಡಗಿಯನ್ನೇ ಕರೆಸುತ್ತಾರೆ. ಗೃಹಸ್ಥ ವರ್ನಿಯರ್ ಕ್ಯಾಲಿಪರ್ಸ್ ಹಿಡಿದು ಅರ್ಧ ಮಿಲಿಮೀಟರಿನ ಮಾತಾಡುತ್ತಾನೆ. ಬಡಗಿ ಕಿವಿಯ ಮೇಲಿನ ಪೆನ್ಸಿಲ್ ತೆಗೆದು, ಆ ಗೆರೆಯ ದಪ್ಪವೇ ಅಷ್ಟಿದೆಯೆಂದು ತೋರಿಸುತ್ತಾನೆ. ಚಪ್ಪಲಿ ಸ್ಟ್ಯಾಂಡಿಗೆ ಇಷ್ಟು ದೊಡ್ಡ ತೂತು ಯಾಕೆಂದು ಆಮೇಲೆ ಕೇಳುತ್ತಾನೆ.

ಈ ಅವಧಿಯಲ್ಲಿ ಮನೆಯಲ್ಲಿ ಸಂಗೀತ ಇಲ್ಲವೆಂದಲ್ಲ. ಬೆಳಗಿನ ಸುಪ್ರಭಾತ ಅಡುಗೆಮನೆಯಲ್ಲಿ, ಸ್ಟೀಲ್ ಚೊಂಬಿನೊಳಗೆ ನಿಲ್ಲಿಸಿದ ಮೊಬೈಲಿನಿಂದ ಬರುತ್ತದೆ. ಒಂದೇ ಡ್ರೈವರ್, ಕ್ರಾಸ್‌ಓವರ್ ಇಲ್ಲ, ನಿಂತು ಕೇಳಿದರೂ ಕೂತು ಕೇಳಿದರೂ ವ್ಯತ್ಯಾಸವಿಲ್ಲ. ತತ್ವದ ಮಟ್ಟಿಗೆ ಅದರಲ್ಲಿ ದೋಷ ಹಿಡಿಯಲು ಗೃಹಸ್ಥನಿಗೆ ಸಾಧ್ಯವಾಗಿಲ್ಲ. ಆತನೂ ಪರೀಕ್ಷೆಗೆಂದು ಭೀಮಸೇನ ಜೋಶಿಯವರನ್ನು ಹಚ್ಚುತ್ತಾನೆ. ತಂಬೂರಿಯ ಜವಾರಿ ಬಿಡಿಬಿಡಿಯಾಗಿ ಕೇಳುತ್ತದೆಯೇ ಎಂದು ಗಮನಿಸಿ, ಕೇಳಿದೊಡನೆ ನಿಲ್ಲಿಸಿ, ಒಂದು ರೆಸಿಸ್ಟರ್ ಬದಲಿಸಿ ಮತ್ತೆ ಮೊದಲಿನಿಂದ ಹಚ್ಚುತ್ತಾನೆ. ಷಡ್ಜದಿಂದ ರಾಗ ಮುಂದೆ ಎಲ್ಲಿಗೆ ಹೋಯಿತೆಂಬುದು ಆತನಿಗೆ ತಿಳಿಯದು.

ಆಯ್ಕೆ ನಿಜಕ್ಕೂ ಇಷ್ಟು ಕಠಿಣವಲ್ಲ. ಎರಡು ಎರಡೂವರೆ ಮೀಟರ್ ದೂರದಲ್ಲಿ ಕೂತು, ನೆರೆಯವರ ತಾಳ್ಮೆ ಕೆಡದಷ್ಟು ಸದ್ದಿನಲ್ಲಿ ಕೇಳುವವರಿಗೆ ಆರು ಏಳು ಇಂಚಿನ ಕೋಆಕ್ಸಿಯಲ್ ಸಾಕು. ತಯಾರಕರೋ ಅನುಭವಿ ವಿನ್ಯಾಸಕಾರರೋ ಪೂರ್ತಿ ಕ್ರಾಸ್‌ಓವರ್ ನಕ್ಷೆಯನ್ನೂ ಪೆಟ್ಟಿಗೆಯ ಅಳತೆಯನ್ನೂ ಕೊಟ್ಟಿರುವ ಡ್ರೈವರನ್ನು ಆರಿಸಿದರೆ, ಮಿಕ್ಕ ಗ್ರಾಫುಗಳ ಗೊಡವೆಯಿಲ್ಲ. ಅಂಥ ಕಿಟ್‌ಗಳು ಮಾರುಕಟ್ಟೆಯಲ್ಲಿವೆ. ಬೆಸುಗೆ ಹಾಕಲು ಬರುವ ಯಾರಾದರೂ ಕೆಲವು ರಜಾದಿನಗಳಲ್ಲಿ ಕಟ್ಟಿ ಮುಗಿಸಬಹುದು. ಹಾಗೆ ಕಟ್ಟಿ ಮುಗಿಸಿ ಹಾಡು ಕೇಳುತ್ತ ಕೂತವರನ್ನು ಈ ವರ್ಗಕ್ಕೆ ಸೇರಿಸುವುದಿಲ್ಲ.