ಬೀಳದ ಗಟ್ಟಿಗರು

(ರಾಮನಗರದ ರೇಷ್ಮೆಗೂಡು ಮಾರುಕಟ್ಟೆ. ಹರಾಜಿಗೆ ಇನ್ನೂ ಹೊತ್ತಿದೆ. ಮಾವ-ಅಳಿಯ ಇಬ್ಬರಿಗೂ ಬಾಯಿಗೆ ಮಾತ್ರ ಕೆಲಸ.)

ಅಳಿಯ: ಮಾವ, ಕೆನಡಾದಾಗೆ ಜಾರ್ಜ್ ಚುವಾಲೊ ಅಂತ ಬಾಕ್ಸರ್ ಇದ್ದ. 93 ಪಂದ್ಯ ಆಡವ್ನೆ, ಒಂದ್ಸಲನೂ ನೆಲಕ್ಕೆ ಬಿದ್ದಿಲ್ಲ.

ಮಾವ: ಗೆದ್ನೋ?

ಅಳಿಯ: 1966ರಲ್ಲಿ ಮುಹಮ್ಮದ್ ಅಲಿ ಎದುರು 15 ಸುತ್ತು ನಿಂತು ಸೋತ. 1970ರಲ್ಲಿ ಜಾರ್ಜ್ ಫೋರ್‌ಮನ್ ಇಕ್ಕಿದ ಏಟಿಗೆ ಮೂರನೇ ಸುತ್ತಲ್ಲೇ ರೆಫರಿ ಸಾಕು ಅಂದ. ಆಗ್ಲೂ ನಿಂತೇ ಇದ್ದ!

ಮಾವ: ರೆಫರಿ ಇದ್ದದ್ದು ಅವನ ಪುಣ್ಯ ಕಣ್ಲಾ. ನಮ್ ಕಡೆ ಸಾಕು ಅನ್ನೋರು ಯಾರವ್ರೆ? ದೇವೇಗೌಡ್ರನ್ನ 2004ರಲ್ಲಿ ಕನಕಪುರದಾಗೆ ತೇಜಸ್ವಿನಿ ಕೆಡವಿದ್ರು. ಅದೇ ಚುನಾವಣೇಲಿ ಹಾಸನದಲ್ಲಿ ಗೆದ್ದು ಕೂತ್ರು. ಚುವಾಲೊಗೆ ಎರಡು ರಿಂಗ್ ಇತ್ತಾ?

ಅಳಿಯ: ಹೊಡೆಯೋರು?

ಮಾವ: ಡಿಕೆಶಿ. 2023ರಲ್ಲಿ ಕನಕಪುರದಾಗೆ 1.22 ಲಕ್ಷ ಅಂತರ. ಮಾರನೇ ವರ್ಷ ಲೋಕಸಭೆಗೆ ನಿಂತ ತಮ್ಮ ಸುರೇಶ್‌ಗೆ ಅದರ ದುಪ್ಪಟ್ಟಿಗೂ ಮಿಗಿಲಾದ ಏಟು. ಹೊಡೆದೋರು ಹೃದಯದ ಡಾಕ್ಟ್ರು!

ಅಳಿಯ: ದೇವೇಗೌಡ್ರ ಮೊಮ್ಮಗ ನಿಖಿಲ್?

ಮಾವ: 2019 ಮಂಡ್ಯ, 2023 ರಾಮನಗರ, 2024 ಚನ್ನಪಟ್ಟಣ, ಮೂರು ಕಡೇನೂ ಸೋಲು. ಮೂರೇ ಸುತ್ತು ಆಗಿರೋದು, ವಯಸ್ಸದೆ.

ಅಳಿಯ: ಚನ್ನಪಟ್ಟಣದ ಯೋಗೇಶ್ವರ್?

ಮಾವ: ಅವ್ರ ವರಸೆ ಬೇರೆ. ಏಟು ಬರೋ ಹೊತ್ಗೆ ಪಕ್ಷಾನೇ ಅಲ್ಲಿರಲ್ಲ.

ಅಳಿಯ: ಮಾಗಡಿ?

ಮಾವ: 2018ರಲ್ಲಿ ಜೆಡಿಎಸ್ ತೆನೆ ಹೊತ್ತಿದ್ದ ಬಾಲಕೃಷ್ಣ ಕಾಂಗ್ರೆಸ್ ಕೈಗೆ ಬಂದ್ರು, ಕೈಲಿದ್ದ ಮಂಜುನಾಥ್ ತೆನೆ ಹೊತ್ರು. ಇಬ್ರೂ ಗ್ಲೌಸ್ ಬದಲಾಯಿಸ್ಕೊಂಡು ಗುದ್ದಾಡಿದ್ರು.

ಅಳಿಯ: ಹಂಗಾರೆ ನಿಜವಾಗ್ಲೂ ಏಟು ತಿಂದೋರು?

ಮಾವ: ಫ್ಲೆಕ್ಸ್ ಕಟ್ಟೋ ಹುಡುಗ್ರು ಕಣ್ಲಾ. ಹಳೇ ಜೈಕಾರ ಇನ್ನೂ ಬಾಯಲ್ಲಿತ್ತು ಪಾಪ.