ನಡುಗುವ ಕರೆಂಟಿಗೆ ನಾಬ್ ಎಲ್ಲಿದೆ?

ಎಲೆಕ್ಟ್ರಿಕ್ ಗಿಟಾರಿನ ದನಿಯನ್ನು ನಡುಗಿಸುವುದಕ್ಕೆಂದೇ ಒಂದು ಡಬ್ಬಿ ಸಿಗುತ್ತದೆ, ಟ್ರೆಮೊಲೊ ಪೆಡಲ್ ಅಂತ. ಕಾಲಲ್ಲಿ ಒತ್ತಿದರಾಯಿತು, ಸ್ವರ ಇದ್ದಲ್ಲೇ ಇದ್ದು ಸದ್ದು ಮಾತ್ರ ಏರಿ ಇಳಿದು ಅಲೆಯಾಡುತ್ತದೆ. ಇದಕ್ಕೆ ಜನ ಸಾವಿರಗಟ್ಟಲೆ ದುಡ್ಡು ಸುರಿಯುತ್ತಾರೆಂದರೆ ನಮ್ಮ ಮಲೆನಾಡಿನ ರಿಪ್ಪನ್‌ಪೇಟೆಯವರು ನಂಬುವುದು ಕಷ್ಟ. ನಮ್ಮಲ್ಲಿ ಬಲ್ಬು, ಫ್ಯಾನು, ಮಿಕ್ಸಿ ಎಲ್ಲವೂ ಪುಕ್ಕಟೆಯಾಗಿಯೇ ನಡುಗುತ್ತವೆ.

ಬಾಸ್ ಕಂಪನಿಯ ಟಿಆರ್-2 ಪೆಡಲಿನಲ್ಲಿ ಮೂರು ನಾಬ್: ರೇಟ್, ವೇವ್, ಡೆಪ್ತ್. ಮೂರೂ ನಮಗೆ ಬಾಯಿಪಾಠ. ರೇಟ್ ಅಂದರೆ ನಡುಕದ ವೇಗ. ನಮ್ಮಲ್ಲಿ ಒಮ್ಮೆ ಸೆಕೆಂಡಿಗೆ ನಾಲ್ಕು, ಒಮ್ಮೆ ದಿನಕ್ಕೆ ನಾಲ್ಕು. ವೇವ್ ಅಂದರೆ ಅಲೆಯ ಆಕಾರ. ಬೇಸಿಗೆಯಲ್ಲಿ ತೋಟದ ಮೋಟರುಗಳೆಲ್ಲ ಒಟ್ಟಿಗೆ ಶುರುವಾದಾಗ ಬಲ್ಬು ಮೆಲ್ಲಗೆ ಕುಗ್ಗಿ ಮೆಲ್ಲಗೆ ಹಿಗ್ಗಿದರೆ ಅದು ತ್ರಿಕೋನ. ಜೂನಿನಲ್ಲಿ ತಂತಿಯ ಮೇಲೆ ಮರ ಬಿದ್ದರೆ ಚೌಕ: ಇತ್ತು, ಇಲ್ಲ. ಡೆಪ್ತ್ ಎಷ್ಟೆಂದು ಸ್ಟೆಬಿಲೈಜರಿನ ಮುಳ್ಳು ಹೇಳುತ್ತದೆ, ಪಾಪ, ಅದೂ ನಡುಗುತ್ತಲೇ.

1940ರ ದಶಕದಲ್ಲಿ ಅಮೆರಿಕದಲ್ಲಿ ಡಿಆರ್ಮಂಡ್ ಎಂಬ ಹೆಸರಿನ ಟ್ರೆಮೊಲೊ ಡಬ್ಬಿ ಬಂತು. ಒಳಗೊಂದು ಪುಟ್ಟ ಪಾತ್ರೆ, ಅದರಲ್ಲಿ ಕರೆಂಟು ಹರಿಯುವಂಥ ದ್ರವ, ಕುಲುಕಲು ಒಂದು ಮೋಟರು. ದ್ರವ ತುಳುಕಿದಾಗಲೆಲ್ಲ ಗಿಟಾರಿನ ಸಿಗ್ನಲ್ಲು ಒಂದಿಷ್ಟು ಅರ್ತ್ ಆಗಿ ಸದ್ದು ಕುಗ್ಗುತ್ತಿತ್ತು. ಅಲ್ಲಿನ ರಾಕ್ ಸಂಗೀತಗಾರ ಬೋ ಡಿಡ್ಲಿಯ ಗಿಟಾರು ನಡುಗಿದ್ದು ಇದರಿಂದಲೇ.

ನೀರು ಕುಲುಕಿ ಕರೆಂಟು ನಡುಗಿಸುವ ಈ ವಿದ್ಯೆ ನಮ್ಮ ಸೀಮೆಯಲ್ಲಿ ಭಾರೀ ಪ್ರಮಾಣದಲ್ಲೇ ನಡೆದಿದೆ. 1964ರ ಲಿಂಗನಮಕ್ಕಿ ಅಣೆಕಟ್ಟು ಸಾಗರ, ಹೊಸನಗರದ ಊರು, ಗದ್ದೆ, ತೋಟಗಳನ್ನು ನುಂಗಿತು. ಸಾಲದೆಂದು ಮಾಣಿ, ಚಕ್ರಾ, ಸಾವೇಹಕ್ಲು ಅಣೆಕಟ್ಟುಗಳೂ ಬಂದವು. ಶರಾವತಿ ವಿದ್ಯುದಾಗಾರದ್ದು 1035 ಮೆಗಾವಾಟ್, ವಾರಾಹಿಯದ್ದು 460. ಬೆಳಕು ಬೆಂಗಳೂರಿನ ಬಸ್ಸು ಹತ್ತಿತು. ಮುಳುಗಡೆಯವರ ಎಷ್ಟೋ ಮನೆಗಳಲ್ಲಿ ದಶಕಗಳ ಕಾಲ ಚಿಮಣಿ ಬುಡ್ಡಿಯೇ ಉರಿಯಿತು. ಈಗ ಲೈನು ಬಂದಿದೆ, ನಡುಕದ ಸಮೇತ.

ಪೆಡಲಿನವನು ಬೇಡವೆಂದರೆ ಇನ್ನೊಮ್ಮೆ ಒತ್ತಿ ನಿಲ್ಲಿಸುತ್ತಾನೆ. ನಮಗೆ ಆ ಭಾಗ್ಯ ಇಲ್ಲ. ಊರಿಗೆ ಹೆಸರಾದ ಲಾರ್ಡ್ ರಿಪ್ಪನ್ 1882ರಲ್ಲಿ ಸ್ಥಳೀಯ ಸ್ವಯಮಾಡಳಿತದ ನಿರ್ಣಯ ಹೊರಡಿಸಿದ ಪುಣ್ಯಾತ್ಮ. ಅವನ ಹೆಸರಿನ ಪೇಟೆಯಲ್ಲಿ ಕತ್ತಲಾದರೆ ನಮ್ಮ ಕೈಲಿರುವ ಅಧಿಕಾರ ಲೈನ್‌ಮನ್‌ಗೆ ಫೋನು ಮಾಡುವುದೊಂದೇ. "ಮೇಲಿಂದಲೇ ಹೋಗಿದೆ ಸಾರ್" ಅನ್ನುತ್ತಾನೆ, ಮಳೆಯಲ್ಲಿ ಕಂಬದ ಮೇಲೆ ಕೂತೇ. ಕರೆಂಟು ಹುಟ್ಟುವ ಮನೆಗಳೆಲ್ಲ ನಮಗಿಂತ ತಗ್ಗಿನಲ್ಲಿವೆ. ಮತ್ತೆ ಈ 'ಮೇಲೆ' ಯಾವ ಗುಡ್ಡದಲ್ಲಿದೆಯೋ!

ಇನ್ನು ಗಿಟಾರು ಕಲಿಯುವ ಹುಡುಗನ ಮನೆಗೆ ಬನ್ನಿ. ಅಡಿಕೆ ಮಾರಿದ ದುಡ್ಡಲ್ಲಿ ಅಪ್ಪ ನಡುಕ ತೆಗೆಯಲು ಸ್ಟೆಬಿಲೈಜರ್ ತರುತ್ತಾನೆ. ಅದೇ ದುಡ್ಡಲ್ಲಿ ಮಗ ನಡುಕ ಸೇರಿಸಲು ಪೆಡಲು ತರಿಸುತ್ತಾನೆ. ಗಣಪತಿ ಪೆಂಡಾಲಿನ ರಸಮಂಜರಿಯಲ್ಲಿ ಅವನು ಪೆಡಲು ಒತ್ತುವ ಹೊತ್ತಿಗೆ ಸರಿಯಾಗಿ ಕರೆಂಟು ಹೋಗುತ್ತದೆ. ಪೆಡಲೇನೋ 9 ವೋಲ್ಟಿನ ಬ್ಯಾಟರಿಯಲ್ಲಿ ಬದುಕಿರುತ್ತದೆ, ಕೆಂಪು ದೀಪವೂ ಉರಿಯುತ್ತದೆ. ಸದ್ದು ಹೊರಡಿಸಬೇಕಾದ ಆಂಪ್ಲಿಫೈಯರ್ ಸತ್ತಿರುತ್ತದೆ. ಸಮಿತಿಯವರು ಜನರೇಟರ್ ತರಿಸುತ್ತಾರೆ. ಅದರ ಬಾಡಿಗೆ ಕೊಟ್ಟ ಮೇಲೆ ಗಿಟಾರಿನವನಿಗೆ ಉಳಿಯುವುದು ಶಾಲು, ಹಾರ ಮತ್ತು ಪಂಚಕಜ್ಜಾಯ.